ಗುಲಾಬ ಸ್ಟುಡಿಯೋದ ಹದಿನಾಲ್ಕನೇ ಫೋಟೋ

ಬುಧವಾರ, 12 ಫೆಬ್ರವರಿ 2025, ಬೆಳಿಗ್ಗೆ 10.20. ಹಳೇ ಹುಬ್ಬಳ್ಳಿಯ ಠಾಣೆಯ ಮೆಟ್ಟಿಲು ಹತ್ತಿ ಬಂದ ಹುಸೇನಬಿಯವರ ಕಂಕುಳಲ್ಲಿ ಅರ್ಧ ಹೊಲಿದ ಕೌದಿಯೊಂದಿತ್ತು. ಕೆಲಸದ ನಡುವೆಯೇ ಎದ್ದು ಬಂದಿದ್ದರು. ಸೂಜಿ ಇನ್ನೂ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು.

"ಚಾಚಿ, ಮೊದಲ ಸೂಜಿ ತಗೀರಿ. ಠಾಣೆದಾಗ ಹತಾರ ತರಬಾರ್ದು," ಎಂದರು ಎಎಸ್‌ಐ ಮುರುಗೆಪ್ಪ. ನಿವೃತ್ತಿಗೆ ಎಂಟು ತಿಂಗಳು ಬಾಕಿಯಿದ್ದ ಅವರಿಗೆ ಚೇಷ್ಟೆ ಮಾಡದೆ ಮಾತು ಶುರುವಾಗುತ್ತಿರಲಿಲ್ಲ.

"ಕಂಪ್ಲೇಂಟ್ ಬರಕೋರ್ರಿ. ನನ್ನ ಕಿಡಕಿ ಕದ್ದಾರ."

"ಕಿಡಕಿ? ಚೌಕಟ್ಟು ಸಮೇತ ಕಿತಗೊಂಡ ಹೋದ್ರೇನು?"

"ಕಿಡಕಿ ಮನ್ಯಾಗ ಐತ್ರಿ. ಫೋಟೋದಾಗಿಂದ ಕದ್ದಾರ."

ಮುರುಗೆಪ್ಪ ನಗಲು ಬಾಯಿ ತೆರೆದವರು, ಒಳಗಿನ ಮೇಜಿನಿಂದ ಪಿಎಸ್‌ಐ ಆರತಿ ಮುಳಗುಂದ ತಲೆ ಎತ್ತಿದ್ದನ್ನು ನೋಡಿ ಮುಚ್ಚಿಕೊಂಡರು. ಆರತಿ ಈ ಠಾಣೆಗೆ ಬಂದು ಆರು ತಿಂಗಳಾಗಿತ್ತು. ಕುರ್ಚಿ ತೋರಿಸಿ, "ಕೂಡ್ರಿ ಅಮ್ಮಾ. ಸಾವಕಾಶ ಹೇಳ್ರಿ," ಎಂದಳು.

ಹುಸೇನಬಿ ಹೇಳಿದರು. ಅವರಿಗೆ ಐವತ್ತೆಂಟು ವರ್ಷ. ತಾಯಿ ಮಕ್ತುಮಬಿಯ ಕಾಲದಿಂದ ಮನೆಯ ಹಿಂದಿನ ಕೋಣೆಯಲ್ಲಿ ಕೌದಿ ಹೊಲಿಯುತ್ತ ಬಂದ ಮನೆತನ. ಈಗ ಓಣಿಯ ಇನ್ನೂ ಆರು ಹೆಂಗಸರು ಅಲ್ಲಿಯೇ ಕೂತು ಹೊಲಿಯುತ್ತಾರೆ. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಮೂಡಣ ದಿಕ್ಕಿಗೆ. ಅದು ತೆರೆಯುವುದು ಪಕ್ಕದ ಮನೆಯ ಅಂಗಳಕ್ಕೆ. ಆ ಮನೆಯನ್ನು ಎಂಟು ವರ್ಷದ ಹಿಂದೆ ಕೊಂಡವನು ಫಾರೂಕ ಎಂಬ ಮೆಕ್ಯಾನಿಕ್. ಎರಡು ತಿಂಗಳ ಹಿಂದೆ ಅವನು ಪಾಲಿಕೆಯ ವಲಯ ಕಚೇರಿಗೆ ದೂರು ಕೊಟ್ಟ: ಕಿಟಕಿ ಹಳೆಯದಲ್ಲ, ಇತ್ತೀಚೆಗೆ ಪರವಾನಗಿ ಇಲ್ಲದೆ ಒಡೆದದ್ದು. ಸಾಕ್ಷಿಗೆ 1997ರ ಒಂದು ಮದುವೆಯ ಫೋಟೋ ಇಟ್ಟ. ಫೋಟೋದಲ್ಲಿ ಅಂಗಳವಿದೆ, ಚಪ್ಪರವಿದೆ, ಮದುಮಗಳಿದ್ದಾಳೆ. ಹಿಂದಿನ ಗೋಡೆಯಲ್ಲಿ ಕಿಟಕಿ ಇಲ್ಲ. ಹುಸೇನಬಿಯ ಬಳಿ ಬಾಯಿಮಾತಿನ ಹೊರತು ಏನೂ ಇರಲಿಲ್ಲ. ಕಿಟಕಿ ಮುಚ್ಚಲು ಆದೇಶವಾಯಿತು. ಗಡುವು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ.

"ಆ ಕಿಡಕಿ ಮುಚ್ಚಿದ್ರ ಏಳು ಮಂದಿ ಕಣ್ಣು ಮುಚ್ಚಿದಂಗ ನೋಡವ್ವಾ. ಲೈಟ್ ಬೆಳಕಿನ್ಯಾಗ ಕರೇ ಬಟ್ಟಿಗೆ ಕರೇ ದಾರ ಕಾಣಂಗಿಲ್ಲ. ನಾ ಹುಟ್ಟೋಕಿಂತ ಮೊದಲಿನ ಕಿಡಕಿ ಅದು."

ಮುರುಗೆಪ್ಪ ಆರತಿಯ ಹತ್ತಿರ ಬಾಗಿ, "ಸಿವಿಲ್ ಮ್ಯಾಟರ್ ಐತ್ರಿ ಮೇಡಂ," ಎಂದರು.

"ಕಿಡಕಿ ಸಿವಿಲ್ ಇರಬಹುದ್ರಿ. ಫೋಟೋ ಸುಳ್ಳಿದ್ರ ಅದು ನಮ್ಮದು. ಅರ್ಜಿ ತಗೋರಿ."

ಗುರುವಾರ ಬೆಳಿಗ್ಗೆ 9.30ಕ್ಕೆ ಮೂಲ ಫೋಟೋ ಕೊಡುವಂತೆ ವಲಯ ಕಚೇರಿಗೆ ಪತ್ರ ಹೋಯಿತು. 11.15ಕ್ಕೆ ಆರತಿ, ಮುರುಗೆಪ್ಪ ಗಬ್ಬೂರಿನ ಬೈಪಾಸಿನ ಬಳಿಯ ಗ್ಯಾರೇಜಿನಲ್ಲಿದ್ದರು. ಲಾರಿಯ ಕೆಳಗಿನಿಂದ ಫಾರೂಕ ಹೊರಬಂದ. ಖಾಕಿ ನೋಡಿದವನೇ ಅರಿವೆಯಿಂದ ಕೈ ಒರೆಸತೊಡಗಿದ, ಒರೆಸುತ್ತಲೇ ಇದ್ದ.

"ಕಿಡಕಿ ಹೊಸಾದು ಅಂತ ನಿಮಗ ಹೆಂಗ ಗೊತ್ತಾತು?"

"ನಾ ಮನಿ ತಗೊಂಡಾಗ ಕಿಡಕಿ ಇತ್ರಿ. ಹಳೇದೋ ಹೊಸಾದೋ ನನಗೇನ ಗೊತ್ತು? ಫೋಟೋ ನೋಡಿದ ಮ್ಯಾಲೆ ತಿಳೀತು."

"ಫೋಟೋ ಕೊಟ್ಟವರು ಯಾರು?"

"ಯಾಸ್ಮಿನ. ನನ್ನ ಹೆಂಡತಿ ಫರಹತಳ ತಂಗಿ. ಗುಲಾಬ ಸ್ಟುಡಿಯೋದಾಗ ಕಂಪ್ಯೂಟರ್ ಕೆಲಸಾ ಮಾಡ್ತಾಳ್ರಿ. ಮೊದಲು ಆ ಮನ್ಯಾಗ ಇದ್ದವರ ಮದುವಿ ಫೋಟೋ ಅದು. ಗುಲಾಬಚಾಚಾನ ತಗದಿದ್ದು."

"ಎಂಟು ವರ್ಷ ಸುಮ್ಮನಿದ್ರಿ. ಈಗ್ಯಾಕ ಆ ಕಿಡಕಿ ಮ್ಯಾಲೆ ಇಷ್ಟ ಸಿಟ್ಟು?"

ಫಾರೂಕನ ಕೈ ನಿಂತಿತು. "ಮನಿ ಒಳಗಿನ ಮಾತ್ರಿ," ಎಂದವನು ಮುಂದೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಮಧ್ಯಾಹ್ನ 3.05ಕ್ಕೆ ಫೋಟೋ ಠಾಣೆಗೆ ಬಂತು. ಹುಸೇನಬಿಯನ್ನೂ ಕರೆಸಿದ್ದರು. ಹುಸೇನಬಿ ಅಲ್ಲಿಯವರೆಗೆ ನೋಡಿದ್ದು ಕಪ್ಪು ಝೆರಾಕ್ಸ್ ಮಾತ್ರ. ಈಗ ಬಣ್ಣದ ದೊಡ್ಡ ಪ್ರತಿ ಮೇಜಿನ ಮೇಲಿತ್ತು. ಹಿಂಬದಿಯಲ್ಲಿ ಗುಲಾಬ ಸ್ಟುಡಿಯೋದ ಮುದ್ರೆ. ಆರತಿ ಕಣ್ಣು ಕಿರಿದು ಮಾಡಿ ನೋಡಿದಳು. ಸುಣ್ಣ ಎದ್ದ ಮಾಮೂಲಿ ಗೋಡೆ. ಒಂದು ಗೆರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮುರುಗೆಪ್ಪ ಮೂಗಿನ ತುದಿಗೆ ಹಿಡಿದು ನೋಡಿ, "ಛಲೋ ಐತಲ್ರಿ ಫೋಟೋ!" ಎಂದುಬಿಟ್ಟರು.

ಹುಸೇನಬಿ ಫೋಟೋ ಹಿಡಿಯಲಿಲ್ಲ. ಕೌದಿ ನೋಡುವ ಹಾಗೆ ಅಂಗೈಯನ್ನು ಮೇಲಿಂದ ಆಡಿಸಿದರು. ಬೆರಳು ಒಂದು ಕಡೆ ನಿಂತಿತು. ಸ್ವಲ್ಪ ಸರಿದು ಇನ್ನೊಂದು ಕಡೆ ನಿಂತಿತು.

"ಈ ಎರಡೂ ತ್ಯಾಪಿ ಒಂದ ಸೀರಿದಾವ."

"ಅಂದ್ರ?"

"ಇಲ್ಲೆ ನೋಡ್ರಿ, ಸುಣ್ಣ ಉದುರಿದ ಕಲೆ. ಆಡಿನ ಮಾರಿ ಇದ್ದಂಗ ಐತಿ. ಎರಡು ಕೋಡು, ಕೆಳಗ ಗಡ್ಡ. ಈಗ ಇಲ್ಲೆ ನೋಡ್ರಿ. ಅದ ಆಡು. ಅದ ಕೋಡು. ಎಡಗಡೆ ಕೋಡು ಮುರದದ್ದೂ ಹಂಗ ಐತಿ. ನಲವತ್ತು ವರ್ಷ ತ್ಯಾಪಿ ಹಚ್ಚೇನ್ರಿ ನಾನು. ಒಂದ ಬಟ್ಟಿ ಕತ್ತರಿಸಿ ಎರಡು ಕಡೆ ಹಚ್ಚಿದ್ರ ನನಗ ಗೊತ್ತಾಗಂಗಿಲ್ಲೇನು?"

ಆರತಿ ಮೊಬೈಲಿನಲ್ಲಿ ಆ ಜಾಗ ಹಿಡಿದು ದೊಡ್ಡದು ಮಾಡಿದಳು. ಎರಡು ಆಡುಗಳೂ ಒಂದೇ ದಿಕ್ಕಿಗೆ ನೋಡುತ್ತ ನಿಂತಿದ್ದವು! ಯಾವ ಗೋಡೆಯೂ ಒಂದೇ ಕಲೆಯನ್ನು ಎರಡು ಸಲ ಉದುರಿಸುವುದಿಲ್ಲ.

"ಮುರುಗೆಪ್ಪನವರ, ಎಫ್‌ಐಆರ್ ಹಾಕ್ರಿ. ಕಲಂ 336(3), 340(2). ನಕಲಿ ದಾಖಲೆ ಮಾಡಿದ್ದು, ಖರೇ ಅಂತ ಬಳಸಿದ್ದು."

3.40ಕ್ಕೆ ಎಫ್‌ಐಆರ್ ದಾಖಲಾಯಿತು. ಕೂಡಲೇ ವಲಯ ಕಚೇರಿಯ ಎಂಜಿನಿಯರರಿಗೆ ಫೋನು. ಅವರೇನೂ ಕೆಟ್ಟ ಮನುಷ್ಯರಲ್ಲ. "ಮೇಡಂ, ಆದೇಶ ಆಗೇತಿ. ಎರಡು ಆಡಿನ ಮ್ಯಾಲೆ ನಿಲ್ಲಸಾಕ ಬರಂಗಿಲ್ಲ. ಕಿಡಕಿ ಇದ್ದ ಒರಿಜಿನಲ್ ಫೋಟೋ ತೋರಸ್ರಿ, ನಿಂತ ಕಾಲ ಮ್ಯಾಲೆ ನಿಲ್ಲಸ್ತೇನಿ," ಎಂದರು.

ಗುಲಾಬ ಸ್ಟುಡಿಯೋಗೆ ಗುರುವಾರ ರಜೆ. ಗುಲಾಬಸಾಬರು ಧಾರವಾಡದ ಮಗಳ ಮನೆಗೆ ಹೋಗಿದ್ದರು. ಫೋನಿನಲ್ಲಿ ವಿಷಯವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಾಳೆ ಮುಂಜಾನಿ ಒಂಬತ್ತಕ್ಕ ಬಾಗಲಾ ತಗದಿರ್ತೇನಿ," ಎಂದರು.

ಶುಕ್ರವಾರ, 14 ಫೆಬ್ರವರಿ, ಬೆಳಿಗ್ಗೆ 9.10. ಸೈಬರ್ ಠಾಣೆಯಿಂದ ಬಸವಪ್ರಭು ಎಂಬ ತಾಂತ್ರಿಕ ಸಿಬ್ಬಂದಿ ಬಂದಿದ್ದ. ಆರತಿಯ ಜೊತೆ ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಇದ್ದಳು. ಪಕ್ಕದ ದರ್ಜಿ, ಎದುರಿನ ಚಹಾದಂಗಡಿಯವನು ಸಾಕ್ಷಿಗೆ ಪಂಚರಾಗಿ ನಿಂತರು. ಮುರುಗೆಪ್ಪ ವಿಡಿಯೋ ಚಾಲೂ ಮಾಡಿ, ಫೋನನ್ನು ಎರಡೂ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದ ಹಾಗೆ ಹಿಡಿದರು.

ಎಪ್ಪತ್ತಾರರ ಗುಲಾಬಸಾಬರು ಬಿಳಿ ಟೊಪ್ಪಿಗೆ, ಇಸ್ತ್ರಿಯ ಅಂಗಿ ಹಾಕಿ ಕಾಯುತ್ತಿದ್ದರು. ಕಂಪ್ಯೂಟರಿನ ಮುಂದೆ ಇಪ್ಪತ್ತಾರರ ಯಾಸ್ಮಿನ. ಪೊಲೀಸರನ್ನು ಕಂಡು ಎದ್ದು ನಿಂತಳು. ಮುಖದಲ್ಲಿ ರಾತ್ರಿಯ ನಿದ್ದೆ ಇರಲಿಲ್ಲ.

"ಚಾಚಾ, 1997ರ ಆ ಮದುವಿ ನೆಗೆಟಿವ್ ಬೇಕು."

ಗುಲಾಬಸಾಬರು ಮರದ ಡ್ರಾಯರ್ ಎಳೆದು ಒಂದು ಲಕೋಟೆ ತೆಗೆದರು. ಮೇಲೆ ಅವರದೇ ಅಕ್ಷರ: 11 ಮೇ 1997, ಮದುವೆ, 36 ಫೋಟೋ. ಒಳಗಿನಿಂದ ಬಂದದ್ದು ಫಿಲ್ಮಲ್ಲ. ಹಸಿ ಹಪ್ಪಳ ಒಂದಕ್ಕೊಂದು ಅಂಟಿ ಒಣಗಿದ ಹಾಗಿನ ಗಟ್ಟಿ. "ಎರಡು ವರ್ಷದ ಹಿಂದ ಮಾಳಗಿ ಸೋರಿ ಎಲ್ಲಾ ಹಾಳಾತ್ರಿ. ಪುಣ್ಯಾಕ ಅದರಕಿಂತ ಮೊದಲ ಈ ಹುಡುಗಿ ನನ್ನ ನಾಲ್ಕು ಸಾವಿರ ನೆಗೆಟಿವ್ ಒಂದೊಂದ ಸ್ಕ್ಯಾನ್ ಮಾಡಿ ಇಟ್ಟಿದ್ಲು. ಆಕಿ ಇಲ್ಲದಿದ್ರ ನನ್ನ ಕೆಲಸೆಲ್ಲಾ ನೀರಪಾಲು."

ಬಸವಪ್ರಭು ಕುರ್ಚಿಗೆ ಕೂತು ಆ ಮದುವೆಯ ಫೋಲ್ಡರ್ ತೆರೆದ. ಸಾಲಾಗಿ ಪುಟ್ಟ ಚಿತ್ರಗಳು. ಅವನು ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಮೇಡಂ, ಮೂವತ್ತೈದ ಅದಾವು. ಹದಿಮೂರರ ಮುಂದ ಹದಿನೈದು."

ಗೋಡೆಯ ಗಡಿಯಾರ 9.48 ತೋರಿಸುತ್ತಿತ್ತು. ಆರತಿ ಯಾಸ್ಮಿನಳತ್ತ ತಿರುಗಿದಳು.

"ಹದಿನಾಲ್ಕು ಎಲ್ಲಿ?"

"ಛಲೋ ಬಂದಿರಲಿಲ್ರಿ. ಕೈ ಅಲುಗಾಡಿದ್ದ ಫೋಟೋ. ತಗದ ಹಾಕಿದೆ."

"ಯಾವಾಗ?"

"ಭಾಳ ದಿನಾ ಆತ್ರಿ."

"ನಿನ್ನೆ ಸಂಜಿ 6.12ಕ್ಕ ಅಳಿಸಿದ್ದು ಅಂತ ತೋರಸಾಕತ್ತೇತಿ," ಎಂದ ಬಸವಪ್ರಭು, ಪರದೆಯಿಂದ ಕಣ್ಣು ತೆಗೆಯದೆ. "ರೀಸೈಕಲ್ ಬಿನ್ನಿನ್ಯಾಗಿಂದನೂ ಅಳಿಸ್ಯಾರ. ವಾಪಸ್ ತರಾಕ ಲ್ಯಾಬಿಗೆ ಕಳಸಬೇಕು. ಹದಿನೈದು ದಿನಾ ಬೇಕು."

ಹದಿನೈದು ದಿನ! ಉಳಿದಿರುವುದು ಎಪ್ಪತ್ತು ನಿಮಿಷ. ಆರತಿ ಇನ್ನೊಂದು ಪ್ರಶ್ನೆ ಕೇಳುವ ಮೊದಲೇ ಗುಲಾಬಸಾಬರು ಮುಂದೆ ಬಂದರು.

"ನನ್ನ ಕೈ ಅಲುಗಾಡಿತ್ತಾ?" ಎಂದರು, ಮೆಲ್ಲಗೆ.

ಯಾಸ್ಮಿನ ನೆಲ ನೋಡಿದಳು.

"ಈ ಅಂಗಡಿಗೆ ನೀ ಬಂದ ಮೊದಲನೇ ದಿನಾ ನಾ ಏನ ಹೇಳಿದ್ದೆ? ನೆಗೆಟಿವ್ ಮ್ಯಾಲೆ ನಾ ಒಂದ ಪೆನ್ಸಿಲ್ ಗೆರೆ ಹಾಕಿದವನಲ್ಲ. ಕಾಪಿ ತಗದು ಅದರ ಮ್ಯಾಲೆ ಏನಾರ ಮಾಡು, ಮೀಸಿ ಹಚ್ಚು, ಮೀಸಿ ತಗಿ. ಅಸಲಿಗೆ ಕೈ ಹಚ್ಚಬ್ಯಾಡ. ಹೇಳಿದ್ದೆ ಇಲ್ಲ?"

"ಹೇಳಿದ್ರಿ ಉಸ್ತಾದ್."

"ಅಸಲಿ ಎಲ್ಲೈತಿ?"

ಎದುರಿನ ಅಂಗಡಿಯಲ್ಲಿ ಚಹಾದ ಪಾತ್ರೆ ಉಕ್ಕಿದ ಸದ್ದಾಯಿತು. ಪಂಚನಾಗಿ ನಿಂತಿದ್ದ ಅದರ ಮಾಲೀಕ ಅಲುಗಲಿಲ್ಲ. ಯಾಸ್ಮಿನ ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

"ಸ್ಕ್ಯಾನ್ ಅಳಿಸೇನ್ರಿ. ಅಸಲಿ ಅಳಿಸಿಲ್ಲ." ಕಣ್ಣು ಒರೆಸಿಕೊಂಡಳು. "ನಿನ್ನೆ ಭಾವ ಫೋನ್ ಮಾಡಿದ ಮ್ಯಾಲೆ ನನ್ನ ಕೀಲಿಲೆ ಅಂಗಡಿ ತಗದು ಮೂರು ಸಲ ಅಳಸಾಕ ಹೋಗೇನಿ. ಆಗ್ಲಿಲ್ಲ. ನಾ ತಿದ್ದಿದ ಕಡತದ ಕೆಳಗ ಹಂಗ ಐತಿ. 'ನಾನಿ' ಅಂತ ಹೆಸರು ಇಟ್ಟೇನಿ."

"ನೀ ಕೈ ಹಚ್ಚಬ್ಯಾಡ," ಎಂದಳು ಆರತಿ. "ಎಲ್ಲೈತಿ ಅಂತ ಅಷ್ಟ ಹೇಳು. ಬಸವಪ್ರಭು, ಮೊದಲ ಕಾಪಿ ತಗೀರಿ, ಕಾಪಿ ಮ್ಯಾಲೆ ನೋಡ್ರಿ."

ಗುಲಾಬಸಾಬರು ಮೆಚ್ಚುಗೆಯಿಂದ ತಲೆ ಅಲುಗಿಸಿದ್ದನ್ನು ಅವಳು ಗಮನಿಸಿದಳು.

ಕಡತದ ಹ್ಯಾಶ್ ಸಂಖ್ಯೆ ಬರೆದುಕೊಂಡದ್ದಾಯಿತು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ ಅದು. ಪಂಚರು ಸಹಿ ಮಾಡಿದರು. 10.17ಕ್ಕೆ ಕಾಪಿ ತೆರೆಯಿತು. ವಲಯ ಕಚೇರಿಗೆ ಕೊಟ್ಟದ್ದೇ ಫೋಟೋ: ಚಪ್ಪರ, ಮದುಮಗಳು, ಎರಡು ಆಡಿನ ಗೋಡೆ. ಪರದೆಯ ಬಲಗಡೆ ಒಂದರ ಕೆಳಗೊಂದು ನಾಲ್ಕು ಪುಟ್ಟ ಚೌಕಗಳು, ಪ್ರತಿಯೊಂದರ ಪಕ್ಕ ಒಂದು ಕಣ್ಣಿನ ಗುರುತು.

"ಇವು ಲೇಯರ್ ಮೇಡಂ. ಪದರು ಪದರಾಗಿ ಇಟ್ಟಾಳ. ಅಸಲಿ ಫೋಟೋ ಎಲ್ಲಾಕಿಂತ ಕೆಳಗ. ಅದರ ಮ್ಯಾಲೆ ಗಾಜಿನಂಥ ಖಾಲಿ ಪದರು ಹಾಸಿ, ಗ್ವಾಡಿ ಕಾಪಿ ಮಾಡಿ ಅದರ ಮ್ಯಾಲೆ ತಿಕ್ಕ್ಯಾಳ. ಕೆಳಗಿಂದಕ್ಕ ಏನೂ ಆಗಿರಂಗಿಲ್ಲ. ಈ ಕಣ್ಣು ಮುಚ್ಚಿದ್ರ ಆ ಪದರು ಮಾಯ."

ಕೌದಿ ಎಂದುಕೊಂಡಳು ಆರತಿ. ಮೇಲಿನ ತೇಪೆ ಬಿಚ್ಚಿದರೆ ಕೆಳಗೆ ಹಳೆಯ ಸೀರೆ, ಅಂಚು ಸಮೇತ, ಹಾಗೆಯೇ.

"ಮುಚ್ರಿ."

ಮೊದಲ ಕಣ್ಣು ಮುಚ್ಚಿತು. ಫೋಟೋದ ಹಳದಿ ಛಾಯೆ ಹೋಯಿತು. ಎರಡನೆಯದು ಮುಚ್ಚಿತು. ನೆರಳೊಂದು ಸರಿಯಿತು. ಮುರುಗೆಪ್ಪ ವಿಡಿಯೋ ಹಿಡಿದಿರುವುದನ್ನೂ ಮರೆತು ಕತ್ತು ಮುಂದೆ ಚಾಚಿದರು. ಮೂರನೆಯ ಕಣ್ಣು ಮುಚ್ಚಿತು. ಒಂದು ಆಡು ಮಾಯವಾಯಿತು. ಅದು ನಿಂತಿದ್ದ ಜಾಗದಲ್ಲಿ ಕಿಟಕಿ ಇತ್ತು!

ಕಿಟಕಿ ಅಷ್ಟೇ ಅಲ್ಲ. ಕಿಟಕಿಯಲ್ಲಿ ಒಬ್ಬ ಮುದುಕಿ. ಸರಳುಗಳ ನಡುವೆ ಮುಖ ಇಟ್ಟು ಮದುಮಗಳನ್ನು ನೋಡುತ್ತಿದ್ದಾಳೆ. ತುಟಿಗಳ ನಡುವೆ ಸೂಜಿ. ನಗು ಬಂದಿದೆ, ಸೂಜಿ ಬಿದ್ದೀತೆಂದು ತಡೆದುಕೊಂಡಿದ್ದಾಳೆ.

"ಯಪ್ಪಾ!" ಎಂದರು ಮುರುಗೆಪ್ಪ. ವಿಡಿಯೋದಲ್ಲಿ ಅದೂ ದಾಖಲಾಯಿತು.

"ಬರೇ ಕಿಡಕಿ ಇದ್ದಿದ್ರ ಅಳಸಬಹುದಿತ್ರಿ," ಎಂದಳು ಯಾಸ್ಮಿನ, ಯಾರೂ ಕೇಳದೆಯೇ. "ಆ ನಾನಿ ಯಾರಂತ ನನಗ ಗೊತ್ತಿಲ್ಲ. ನೆಗೆಟಿವ್ ಹೋಗೇತಿ, ಸ್ಕ್ಯಾನ್ ನಾನ ಅಳಿಸೇನಿ. ಇದನ್ನೂ ಅಳಿಸಿದ್ರ ಆಕಿ ಎಲ್ಲೂ ಇರಂಗಿಲ್ಲ ಅನಿಸ್ತು."

10.34. ಬಸವಪ್ರಭು ಚಿತ್ರವನ್ನು ಎಂಜಿನಿಯರರಿಗೆ ಕಳಿಸಿದ. ಆರತಿ ಫೋನು ಮಾಡಿದಳು, ಬಿಜಿ. ಮತ್ತೆ ಮಾಡಿದಳು, ಬಿಜಿ. ಸ್ಟುಡಿಯೋವನ್ನೂ ಯಾಸ್ಮಿನಳನ್ನೂ ಬಸವಪ್ರಭು ಮತ್ತು ಮಹಿಳಾ ಕಾನ್‌ಸ್ಟೆಬಲ್ ವಶಕ್ಕೆ ಬಿಟ್ಟು ಅವಳು ಮುರುಗೆಪ್ಪನವರ ಬೈಕಿನ ಹಿಂದೆ ಹತ್ತಿದಳು. ಜೀಪು ಆ ಓಣಿಗಳಲ್ಲಿ ಹಿಡಿಸುತ್ತಿರಲಿಲ್ಲ. ತರಕಾರಿ ಗಾಡಿ, ಎಮ್ಮೆ, ಪಿಂಜಾರರ ಹತ್ತಿಯ ಮೂಟೆ, ಒಂದೊಂದನ್ನೂ ದಾಟುವಾಗ ಮುರುಗೆಪ್ಪ ಹಾರ್ನಿನ ಬದಲು ಬಾಯಿಯಿಂದಲೇ ಕೂಗುತ್ತಿದ್ದರು: "ಸರೀರೋ, ಸರೀರಿ, ಲಗೂ!" ಮೂವತ್ತೆರಡು ವರ್ಷದ ನೌಕರಿಯಲ್ಲಿ ಅವರು ಕಿಟಕಿಯೊಂದನ್ನು ಉಳಿಸಲು ಓಡಿದ್ದು ಇದೇ ಮೊದಲು.

10.52. ಹುಸೇನಬಿಯ ಹಿಂದಿನ ಕೋಣೆ. ಗೌಂಡಿ ಸಿಮೆಂಟು ಕಲಸಿಟ್ಟಿದ್ದ. ಚೌಕಟ್ಟಿನ ಕೆಳಗೆ ಒಂದು ಸಾಲು ಇಟ್ಟಂಗಿ ಆಗಲೇ ಕೂತಿತ್ತು. ಆರು ಹೆಂಗಸರು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು. ಎಂಜಿನಿಯರರು ಇನ್ನೊಂದು ಕರೆಯಲ್ಲಿದ್ದರು.

"ನಿಲ್ಲಸ್ರಿ! ಫೋಟೋ ಕಳಿಸೇನಿ, ನೋಡ್ರಿ!"

ಅವರು ನೋಡಿದರು. ಫೋಟೋದ ಕಿಟಕಿಯನ್ನೂ ಎದುರಿನ ಕಿಟಕಿಯನ್ನೂ, ಐದೂ ಸರಳುಗಳನ್ನು, ಎರಡನೆಯ ಸರಳಿನ ಸೊಟ್ಟನ್ನು. ಗೌಂಡಿಯ ಕಡೆ ತಿರುಗಿ, "ತಗಿಯಪ್ಪಾ ಇಟ್ಟಂಗಿ," ಎಂದರು.

ಆರತಿ ಮೊಬೈಲನ್ನು ಹುಸೇನಬಿಯ ಕೈಗೆ ಕೊಟ್ಟಳು. ಅವರು ಕಿಟಕಿ ನೋಡಿ ನಕ್ಕರು. ಆಮೇಲೆ ಸರಳುಗಳ ನಡುವಿನ ಮುಖ ನೋಡಿದರು. ನಗು ಅಲ್ಲಿಯೇ ನಿಂತಿತು.

"ಅಮ್ಮೀ," ಎಂದರು.

ಮಕ್ತುಮಬಿ ತೀರಿಕೊಂಡು ಇಪ್ಪತ್ತಾರು ವರ್ಷ. ಬದುಕಿದ್ದಾಗ ಯಾರು ಎಷ್ಟು ಹೇಳಿದರೂ ಫೋಟೋಕ್ಕೆ ನಿಂತವರಲ್ಲ. ಅವರ ಒಂದು ಚಿತ್ರವೂ ಮನೆಯಲ್ಲಿರಲಿಲ್ಲ. ಆರು ಹೆಂಗಸರೂ ಹುಸೇನಬಿಯ ಸುತ್ತ ಬಾಗಿದರು. "ಹೌದ ನೋಡ, ಸೂಜಿ ಬಾಯಾಗ!" ಎಂದು ಒಬ್ಬಾಕೆ ಅಂದದ್ದೇ ಎಲ್ಲರೂ ಒಮ್ಮೆಲೇ ಅಳುತ್ತ ನಗತೊಡಗಿದರು.

ಮಧ್ಯಾಹ್ನ 12.15ಕ್ಕೆ, ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟು, ಫಾರೂಕನಿಗೆ ತಿಳಿಸಿ, ಆರತಿ ಯಾಸ್ಮಿನಳನ್ನು ಬಂಧಿಸಿದಳು. ಸಾಕ್ಷ್ಯ ನಾಶಕ್ಕೆ ಯತ್ನಿಸಿದ ಕಲಂ ಸೇರಿಕೊಂಡಿತು. ಫಾರೂಕನಿಗೆ ಫೋಟೋ ಸುಳ್ಳೆಂದು ಗೊತ್ತಿರಲಿಲ್ಲ ಎಂಬುದು ಇಬ್ಬರ ಹೇಳಿಕೆಯಲ್ಲೂ ತಾಳೆಯಾಯಿತು.

"ಯಾಕ ಮಾಡಿದಿ?"

ಯಾಸ್ಮಿನ ನೀರು ಕುಡಿದು ಹೇಳಿದಳು. ಅಕ್ಕ ಫರಹತಳಿಗೆ ಕ್ಯಾನ್ಸರ್ ಚಿಕಿತ್ಸೆ ನಡೆದು ಏಳು ತಿಂಗಳು. ತಲೆಯ ಕೂದಲೆಲ್ಲ ಉದುರಿದೆ. ಬೆಳಗಿನ ಎಳೆ ಬಿಸಿಲಿಗೆ ದಿನಾ ಸ್ವಲ್ಪ ಹೊತ್ತು ಕೂಡಬೇಕೆಂದು ಡಾಕ್ಟರರು ಹೇಳಿದ್ದರು. ಮನೆಗೆ ಬಿಸಿಲು ಬೀಳುವುದು ಆ ಅಂಗಳದಲ್ಲಿ ಮಾತ್ರ. ಕಿಟಕಿಯಲ್ಲಿ ಏಳು ಹೆಂಗಸರು. ಒಂದು ದಿನ ತಲೆ ಬಿಚ್ಚಿ ಕೂತಾಗ ಒಳಗಿನಿಂದ ಯಾರೋ ಅಯ್ಯೋ ಅಂದರಂತೆ. ಅಂದಿನಿಂದ ಫರಹತ ಅಂಗಳಕ್ಕೆ ಕಾಲಿಟ್ಟಿಲ್ಲ.

"ಹುಸೇನಬಿ ಖಾಲಾನ್ನ ಒಂದ ಮಾತ ಕೇಳಬಾರದಿತ್ತೇನು?"

"ಕೇಳಬೇಕಂದ್ರ ಕಾರಣಾ ಹೇಳಬೇಕಾಗಿತ್ತಲ್ರಿ. ಯಾರಿಗೂ ಹೇಳಬ್ಯಾಡ ಅಂತ ಅಕ್ಕ ಆಣಿ ಹಾಕಿದ್ಲು." ಗ್ಲಾಸು ಕೆಳಗಿಟ್ಟು, "ಮೇಡಂ, ಅಸಲಿ ಕಡತಕ್ಕ ಕೈ ಹಚ್ಚಿಲ್ಲಲ್ರಿ?" ಎಂದು ಕೇಳಿದಳು.

"ಇಲ್ಲ."

ಯಾಸ್ಮಿನಳಿಗೆ ಶನಿವಾರ ಜಾಮೀನಾಯಿತು. ಹುಸೇನಬಿ ದೂರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಸುಳ್ಳು ಸುಳ್ಳ ನೋಡವ್ವಾ. ಅದನ್ನ ಜಡ್ಜ್ ಸಾಹೇಬ್ರು ನೋಡ್ಲಿ," ಎಂದರು. ಆದರೆ ಕಾರಣ ತಿಳಿದಾಗ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಅಯ್ಯೋ ಎಂದವರು ತಾವೇ ಇರಬಹುದೇ ಎಂದು ನೆನಪಿಸಿಕೊಳ್ಳುವಂತಿತ್ತು ಮುಖ.

ಸೋಮವಾರ, 17 ಫೆಬ್ರವರಿ, ಬೆಳಿಗ್ಗೆ 8.50. ಸ್ಥಳ ಪಂಚನಾಮೆಗೆಂದು ಕಿಟಕಿಯ ಅಳತೆ ತೆಗೆಯಲು ಆರತಿ ಹೋದಾಗ ಕೋಣೆ ಮಬ್ಬಾಗಿತ್ತು. ಕಿಟಕಿಗೆ ಒಳಗಿನಿಂದ ದಪ್ಪ ಕೌದಿಯೊಂದನ್ನು ಇಳಿಬಿಟ್ಟಿದ್ದರು. ಆರು ಹೆಂಗಸರು ಮಡಿಲಲ್ಲಿ ಬಟ್ಟೆ ಇಟ್ಟುಕೊಂಡು ಸದ್ದಿಲ್ಲದೆ ಕೂತಿದ್ದರು. ಗೋಡೆಯ ಮೇಲೆ, ಗುಲಾಬಸಾಬರು ತಾವೇ ತಂದು ಹಾಕಿದ ಚೌಕಟ್ಟಿನಲ್ಲಿ, ತುಟಿಯಲ್ಲಿ ಸೂಜಿ ಹಿಡಿದ ಮಕ್ತುಮಬಿ.

"ಏನಿದು ಅಮ್ಮಾ? ಅಷ್ಟ ಬಡದಾಡಿ ಉಳಿಸಿಕೊಂಡ್ರಿ, ಈಗ ನೀವ ಮುಚ್ಚೀರಲ್ಲ?"

"ಎಂಟರಿಂದ ಒಂಬತ್ತು ಆಕಿದು. ಒಂಬತ್ತರ ಮ್ಯಾಲೆ ನಮ್ದು," ಎಂದು ಪಿಸುಗುಟ್ಟಿದರು ಹುಸೇನಬಿ. "ಒಂಬತ್ತಕ್ಕ ನಾ ಸರಳು ಬಡೀತೇನಿ. ಆಕಿ ಸೆರಗು ಹೊದ್ದಕೋತಾಳ. ಆಮ್ಯಾಲೆ ತಗೀತೇನಿ."

ಮಸೀದಿಯ ಪಕ್ಕದ ಗಡಿಯಾರದಂಗಡಿಯಲ್ಲಿ ಒಂಬತ್ತು ಬಡಿಯಿತು. ಹುಸೇನಬಿ ಕತ್ತರಿಯ ಹಿಡಿಕೆಯಿಂದ ಸರಳಿಗೆ ಮೂರು ಸಲ ತಟ್ಟಿದರು.

ಕೌದಿಯ ಆಚೆ, ಅಂಗಳದಿಂದ, ಬಿಸಿಲು ಹೀರಿ ಮೆತ್ತಗಾದ ಒಂದು ಹೆಣ್ಣುದನಿ ಬಂತು: "ಖಾಲಾ, ಇನ್ನೊಂದ ಹತ್ತ ಮಿನಿಟ ಇರ್ರಿ."

ಹುಸೇನಬಿ ಕತ್ತರಿ ಕೆಳಗಿಟ್ಟರು. ಮಬ್ಬಿನಲ್ಲಿಯೇ ಕೂತು, ಸೂಜಿಗೆ ದಾರ ಪೋಣಿಸಲು ನೋಡುತ್ತ, "ಕೂಡವ್ವಾ, ಕೂಡು," ಎಂದರು. ಆರತಿ ಅಳತೆಯ ಟೇಪು ಮಡಚಿ, ಪಂಚನಾಮೆಯಲ್ಲಿ ಶುರುವಿನ ಸಮಯವೆಂದು ಬರೆದಿದ್ದ 9.00 ಎಂಬುದನ್ನು ಹೊಡೆದು 9.10 ಎಂದು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದಳು.